ಶಾಲೆಯ ಕೈತೋಟ ಮಾರ್ಚ್‌ಗೆ ಯಾಕೆ ಒಣಗುತ್ತದೆ?

ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದ ಕೂಡಲೇ ಕೈತೋಟದ ಮಾತು ಬರುತ್ತದೆ. ಪರಿಸರ ದಿನದ ನೆಪದಲ್ಲಿ ಪಾತಿ ಕಟ್ಟುತ್ತಾರೆ, ಆಗಸ್ಟ್ ಹೊತ್ತಿಗೆ ಬೆಂಡೆ, ಬದನೆ ಹೂ ಬಿಡುತ್ತವೆ, ಫೋಟೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಅರ್ಧ ಕಳೆ, ಉಳಿದರ್ಧ ಮೇಕೆಗಳ ಪಾಲು. ಮಾರ್ಚ್‌ಗೆ ಬೇಲಿಯಷ್ಟೇ ಉಳಿದಿರುತ್ತದೆ. ಇದಕ್ಕೆ ಮೇಷ್ಟ್ರ ಉದಾಸೀನವೇ ಕಾರಣ ಎಂದು ಬಿಡುವುದು ಸುಲಭ. ಆದರೆ ಹಿಂದಿನ ಎಂಬತ್ತು ಚಿಲ್ಲರೆ ವರ್ಷ ತಿರುಗಿ ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ನಮ್ಮ ಶಾಲೆಗಳಿಗೆ ತೋಟ ಬಂದದ್ದು ಒಮ್ಮೆ ದುಡಿಮೆಯ ಪಾಠವಾಗಿ, ಇನ್ನೊಮ್ಮೆ ಪೌಷ್ಟಿಕತೆಯ ಯೋಜನೆಯಾಗಿ, ಮತ್ತೊಮ್ಮೆ ಸುತ್ತೋಲೆಯಾಗಿ. ಅಡುಗೆಮನೆಗೆ ಏನು ಬೇಕು ಎಂದು ಕೇಳಿಕೊಂಡು ಬಂದದ್ದು ಅಪರೂಪ.

ಮೊದಲ ಕಂತು ಗಾಂಧೀಜಿಯದು. 1937ರ ಅಕ್ಟೋಬರ್‌ನಲ್ಲಿ ವರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನ, ಅದರ ಬೆನ್ನಿಗೆ ಝಾಕಿರ್ ಹುಸೇನ್ ಸಮಿತಿಯ ವರದಿ. ಏಳು ವರ್ಷದ ಕಡ್ಡಾಯ ಶಿಕ್ಷಣ, ತಾಯ್ನುಡಿಯಲ್ಲಿ ಕಲಿಕೆ, ಎಲ್ಲದರ ನಡುವೆ ನೂಲುವುದು, ಬೇಸಾಯದಂಥ ಒಂದು ಕಸುಬು. ಮಕ್ಕಳು ತಯಾರಿಸಿದ್ದನ್ನು ಮಾರಿ ಬಂದ ಹಣದಲ್ಲೇ ಶಿಕ್ಷಕರ ಸಂಬಳ ಹುಟ್ಟಬೇಕು ಎಂಬಲ್ಲಿಯವರೆಗೆ ಆ ಯೋಚನೆ ಹೋಗಿತ್ತು. ಇಲ್ಲಿ ತೋಟ ಇದ್ದದ್ದು ಕಲಿಕೆಗೆ ಮತ್ತು ಸ್ವಾವಲಂಬನೆಗೆ. ಸ್ವಾತಂತ್ರ್ಯದ ನಂತರ ‘ಮೂಲಶಿಕ್ಷಣ’ದ ಹೆಸರಿನಲ್ಲಿ ಇಂಥ ಶಾಲೆಗಳು ನಡೆದವು, ಆದರೆ ಅಷ್ಟರಲ್ಲಿ ಪರೀಕ್ಷೆ ಪಾಸಾಗಿ ನೌಕರಿ ಹಿಡಿಯುವ ಶಾಲೆಯೇ ಎಲ್ಲರಿಗೂ ಬೇಕಾಗಿತ್ತು. 1964–66ರ ಕೊಠಾರಿ ಆಯೋಗ ಇದನ್ನು ‘ಕಾರ್ಯಾನುಭವ’ಕ್ಕೆ ಇಳಿಸಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ಎಸ್‌ಯುಪಿಡಬ್ಲ್ಯು (ಸಮಾಜೋಪಯೋಗಿ ಉತ್ಪಾದಕ ಕೆಲಸ) ಎಂಬ ಹೆಸರು ಕೊಟ್ಟಿತು. ವೇಳಾಪಟ್ಟಿಯ ಕೊನೆಯ ಪಿರಿಯಡ್‌ಗೆ ಸರಿದ ತೋಟಕ್ಕೆ ಅಲ್ಲಿಂದ ಮೇಲೇಳಲು ಆಗಲಿಲ್ಲ.

ಊಟದ್ದು ಬೇರೆಯದೇ ದಾರಿ. ಈಗ ಅರವತ್ತು ದಾಟಿದವರಿಗೆ ಶಾಲೆಯ ಊಟವೆಂದರೆ ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ. ಅಮೆರಿಕ 1954ರಲ್ಲಿ ಮಾಡಿಕೊಂಡ, ಪಿಎಲ್-480 ಎಂದೇ ಹೆಸರಾದ ಕಾನೂನಿನಡಿ ಅಲ್ಲಿನ ಹೆಚ್ಚುವರಿ ಧಾನ್ಯ ಹಡಗಿನಲ್ಲಿ ಬರುತ್ತಿತ್ತು. ಜೋಳ, ರಾಗಿ ಬೆಳೆಯುವ ಊರಿನ ಮಕ್ಕಳು ಕಡಲಾಚೆಯ ಗೋಧಿನುಚ್ಚಿನ ಉಪ್ಪಿಟ್ಟು ತಿಂದರು. ಅದರ ವಾಸನೆ ನೆನೆದು ಈಗಲೂ ಬಾಯಲ್ಲಿ ನೀರೂರಿಸಿಕೊಳ್ಳುವವರಿದ್ದಾರೆ. ಹಸಿವಿನ ಕಾಲದ ರುಚಿಯನ್ನು ತಕರಾರು ಮಾಡಲಾಗದು. ಅದೇ 1960ರ ದಶಕದಲ್ಲಿ ಯುನಿಸೆಫ್ ಮತ್ತಿತರ ವಿಶ್ವಸಂಸ್ಥೆಯ ಅಂಗಗಳ ನೆರವಿನಿಂದ ‘ಅನ್ವಯಿಕ ಪೌಷ್ಟಿಕತಾ ಕಾರ್ಯಕ್ರಮ’ ಬಂತು. ಶಾಲಾ ತೋಟ, ಕೋಳಿ ಸಾಕಣೆ, ಮೀನು ಸಾಕಣೆ ಅದರ ಅಂಗಗಳು. ಒಂದೇ ಅಂಗಳದಲ್ಲಿ ಒಂದು ಕಡೆ ತರಕಾರಿ ಪಾತಿ, ಇನ್ನೊಂದು ಕಡೆ ಪರದೇಶದ ಧಾನ್ಯದ ಹಂಡೆ. ಎರಡನ್ನೂ ಜೋಡಿಸುವ ಕೆಲಸ ಯಾವ ಯೋಜನೆಯ ಕಾಗದದಲ್ಲೂ ಗಟ್ಟಿಯಾಗಿ ಕೂರಲಿಲ್ಲ.

1995ರ ಆಗಸ್ಟ್ 15ರಂದು ಶುರುವಾದ ಕೇಂದ್ರದ ಶಾಲಾ ಊಟದ ಯೋಜನೆಯಲ್ಲಿ ಬಹುತೇಕ ರಾಜ್ಯಗಳು ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ ಹಂಚಿ ಕೈತೊಳೆದುಕೊಂಡವು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕು ಎಂದ ಮೇಲೆ ಕರ್ನಾಟಕದಲ್ಲಿ ಅಕ್ಷರ ದಾಸೋಹ ಬಂತು: 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ, ಮರುವರ್ಷ ಉಳಿದೆಡೆ. ಹಳ್ಳಿ ಶಾಲೆಯ ಅಂಗಳದಲ್ಲಿ ದಿನವೂ ಒಲೆ ಉರಿಯತೊಡಗಿತು. ತೋಟದ ಮಟ್ಟಿಗೆ ಇದು ದೊಡ್ಡ ತಿರುವು. ಬೆಳೆದದ್ದನ್ನು ಅಂದೇ ಬೇಯಿಸುವ ಜಾಗ ಈಗ ಹತ್ತು ಮಾರು ದೂರದಲ್ಲಿತ್ತು.

ನಗರಗಳಲ್ಲಿ ಹೀಗಾಗಲಿಲ್ಲ. ಬೆಂಗಳೂರಿನಲ್ಲಿ 2000ದಲ್ಲಿ ಅಕ್ಷಯ ಪಾತ್ರ ಶುರು ಮಾಡಿದ ಕೇಂದ್ರೀಕೃತ ಅಡುಗೆಮನೆಯ ಮಾದರಿಯಲ್ಲಿ ಊಟ ವ್ಯಾನ್‌ನಲ್ಲಿ ಬರುತ್ತದೆ. ಅಂಥ ಶಾಲೆಯಲ್ಲಿ ನಾಲ್ಕು ಕೆ.ಜಿ. ಬದನೆ ಬೆಳೆದರೆ ಅದನ್ನು ಬೇಯಿಸಲು ಒಲೆಯೇ ಇಲ್ಲ. ಅಲ್ಲಿ ಹಸಿಯಾಗಿ ತಿನ್ನುವ ಸೌತೆ, ಮೂಲಂಗಿ, ಕ್ಯಾರೆಟ್, ಜೊತೆಗೊಂದು ಪಪ್ಪಾಯಿ ಬೆಳೆಯುವುದು ಮೇಲು.

2019ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಶಾಲಾ ಪೌಷ್ಟಿಕ ತೋಟಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಒಂದು ತೋಟಕ್ಕೆ 5,000 ರೂಪಾಯಿಯ ಲೆಕ್ಕ. 2021ರಲ್ಲಿ ಬಿಸಿಯೂಟದ ಹೆಸರು ಪಿಎಂ ಪೋಷಣ್ ಎಂದಾದಾಗ ತೋಟವೂ ಯೋಜನೆಯ ಒಳಗೆ ಸೇರಿತು. ಐದು ಸಾವಿರದಲ್ಲಿ ಬೀಜ, ಸಲಿಕೆ, ಗೊಬ್ಬರ ಬರುತ್ತದೆ, ಬೇಲಿ ಬರುವುದಿಲ್ಲ. ಬೇಲಿ ಇಲ್ಲದ ತೋಟಕ್ಕೆ ಹಾಕಿದ ಹಣ ಊರಿನ ಮೇಕೆಗೆ ಹಾಕಿದ ಹಣ. ಹಾಗಾಗಿ ಕಾಂಪೌಂಡ್ ಇಲ್ಲದ ಶಾಲೆ ಮೊದಲ ವರ್ಷ ಬೀಜದ ಗೋಜಿಗೇ ಹೋಗದೆ ಬೇಲಿ ಮುಗಿಸಿಕೊಳ್ಳುವುದು ಜಾಣತನ.

ಎಷ್ಟು ಬೆಳೆಯಬಹುದು?

ನಿಯಮದ ಪ್ರಕಾರ ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಹಿರಿಯ ಪ್ರಾಥಮಿಕದಲ್ಲಿ 75 ಗ್ರಾಂ. ನೂರು ಚಿಕ್ಕ ಮಕ್ಕಳಿರುವ ಶಾಲೆಗೆ ದಿನಕ್ಕೆ 5 ಕೆ.ಜಿ.; 220 ದಿನಕ್ಕೆ 1,100 ಕೆ.ಜಿ. ಒಂದು ಗುಂಟೆ ತೋಟದಲ್ಲಿ ಓಡಾಡುವ ದಾರಿ ಬಿಟ್ಟು ಅರವತ್ತು ಚದರ ಮೀಟರ್ ಪಾತಿ ಸಿಕ್ಕರೆ, ಒಳ್ಳೆಯ ನಿಗಾ ಇದ್ದರೂ ವರ್ಷಕ್ಕೆ ಇದರ ಕಾಲು ಭಾಗ ಬಂದರೆ ಹೆಚ್ಚು. ‘ತರಕಾರಿಯಲ್ಲಿ ಸ್ವಾವಲಂಬಿ ಶಾಲೆ’ ಎಂಬ ಫಲಕ ಬರೆಸುವ ಮೊದಲು ಈ ಲೆಕ್ಕ ಹಾಕಬೇಕು. ಎರಡು ಬದನೆ, ಎರಡು ಟೊಮೆಟೊ, ನಾಲ್ಕು ಬೆಂಡೆ ಎಂದು ಎಲ್ಲವನ್ನೂ ಒಂದಿಷ್ಟು ನೆಟ್ಟ ತೋಟ ನೋಡಲು ಚೆಂದ. ಅದರಿಂದ ಒಂದು ದಿನದ ಹುಳಿಗಾಗುವಷ್ಟು ತರಕಾರಿ ಯಾವತ್ತೂ ಒಟ್ಟಿಗೆ ಸಿಗದು.

ಗುರಿಯನ್ನು ಚಿಕ್ಕದು ಮಾಡಿಕೊಂಡರೆ ಲೆಕ್ಕ ಕೂಡಿಬರುತ್ತದೆ. ವಾರಕ್ಕೊಂದು ದಿನ ಸೊಪ್ಪಿನ ಸಾರು, ಅಂದರೆ 5 ಕೆ.ಜಿ. ಸೊಪ್ಪು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ದಂಟು ಕತ್ತರಿಸಿದಷ್ಟೂ ಚಿಗುರುವ ತಳಿ. ಬಿತ್ತಿದ 25–30 ದಿನಕ್ಕೆ ಮೊದಲ ಕಟಾವು, ಮೂರು ತಿಂಗಳಲ್ಲಿ ಐದಾರು ಕಟಾವು, ಚದರ ಮೀಟರಿಗೆ ಎಲ್ಲ ಸೇರಿ 2 ಕೆ.ಜಿ. ಆಸುಪಾಸು. ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದದ ಹತ್ತು ಪಾತಿ ಮಾಡಿ, ಐದರಲ್ಲಿ ಈ ವಾರ, ಉಳಿದ ಐದರಲ್ಲಿ ಮುಂದಿನ ವಾರ ಬಿತ್ತಿದರೆ ವಾರ ಬಿಟ್ಟು ವಾರ ಒಂದೊಂದು ಅರ್ಧ ಕೊಯ್ಲಿಗೆ ಬರುತ್ತದೆ. ಪಾತಿ ಮೀಟರಿಗಿಂತ ಅಗಲ ಬೇಡ: ಆರನೇ ಕ್ಲಾಸಿನ ಮಗುವಿನ ಕೈ ಎರಡೂ ಬದಿಯಿಂದ ನಡುವಿಗೆ ಮುಟ್ಟಬೇಕು, ಇಲ್ಲದಿದ್ದರೆ ಪಾತಿ ತುಳಿಯುತ್ತಾರೆ.

ಕತ್ತರಿಸುವ ತಳಿಯೇ ಏಕೆಂದರೆ, ಕಾರಣ ಅಡುಗೆಮನೆಯಲ್ಲಿದೆ. ಬೇರುಸಮೇತ ಕಿತ್ತ 5 ಕೆ.ಜಿ. ಸೊಪ್ಪನ್ನು ಬಿಡಿಸಿ, ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆಯಲು ಇಬ್ಬರಿಗೆ ಒಂದು ಗಂಟೆ ಮೀರುತ್ತದೆ. ಬೆಳಗ್ಗೆ ಬಂದು ಮಧ್ಯಾಹ್ನದ ಗಂಟೆಗೆ ಅನ್ನ ಸಾರು ಇಳಿಸಬೇಕಾದ ಅಡುಗೆಯಕ್ಕಂದಿರಿಗೆ ಎಲೆಕೋಸು, ಆಲೂಗಡ್ಡೆ, ಟೊಮೆಟೊ ಇಷ್ಟವಾಗುವುದು ಸೋಮಾರಿತನದಿಂದಲ್ಲ. ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಎಳೆ ತುದಿ ಕತ್ತರಿಸಿದರೆ ಬೇರೂ ಇಲ್ಲ, ಮಣ್ಣೂ ಕಡಿಮೆ. ಹಿಂದಿನ ದಿನ ಸಂಜೆ ಕೊನೆಯ ಪಿರಿಯಡ್‌ನಲ್ಲಿ ಕೊಯ್ದು, ಹಣ್ಣೆಲೆ ಆರಿಸಿ, ಒದ್ದೆ ಗೋಣಿತಾಟು ಮುಚ್ಚಿ ನೆರಳಲ್ಲಿಟ್ಟರೆ ಬೆಳಗ್ಗೆ ಹೆಚ್ಚುವುದಷ್ಟೇ ಬಾಕಿ. ತೋಟದಲ್ಲಿ ಏನು ಬಿತ್ತಬೇಕು ಎಂದು ತೀರ್ಮಾನಿಸುವ ಸಭೆಗೆ ಮುಖ್ಯ ಅಡುಗೆಯವರನ್ನು ಕರೆಯದ ಶಾಲೆಗಳಲ್ಲಿ, ಬೆಳೆದ ಸೊಪ್ಪು ಬಲಿತು ಬೀಜಕ್ಕೆ ಹೋಗುವುದು ಸಾಮಾನ್ಯ.

ನೆಲ, ಇರುವೆ, ಕಂಬಳಿ ಹುಳು

ಶಾಲೆಯ ನೆಲ ಹೊಲದ ನೆಲವಲ್ಲ. ಮೊರಂ ಸುರಿದು ತುಳಿದು ಗಟ್ಟಿಯಾದದ್ದು, ಇಲ್ಲವೇ ಕಟ್ಟಡದ ಗಾರೆ, ಸುಣ್ಣ, ಸಿಮೆಂಟ್ ಬಿದ್ದದ್ದು. ಸುಣ್ಣ ಹೆಚ್ಚಿದ ಜಾಗದಲ್ಲಿ ಗೊಬ್ಬರ ಎಷ್ಟು ಹಾಕಿದರೂ ಎಳೆಯ ಎಲೆ ಹಳದಿಯಾಗಿ ನರವಷ್ಟೇ ಹಸಿರು ಉಳಿಯುತ್ತದೆ, ಏಕೆಂದರೆ ಬೇರಿಗೆ ಕಬ್ಬಿಣ ಸಿಗುವುದಿಲ್ಲ. ಅಲ್ಲಿ ಒಂದು ಅಡಿ ಅಗೆದು ಕಲ್ಲು ಗಾರೆ ತೆಗೆದು ಕೆರೆಗೋಡು ತುಂಬುವುದೇ ದಾರಿ. ಪ್ರತಿ ಪಾತಿಗೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 12–15 ಕೆ.ಜಿ. ಬೇಕು. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಬರುತ್ತದೆ.

ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಮಕ್ಕಳ ಕೈಗೆ ಕೊಟ್ಟರೆ ಒಂದೇ ಕಡೆ ಹಿಡಿಯಷ್ಟು ಬೀಳುತ್ತದೆ. ಒಂದು ಪಾತಿಗೆ ಒಂದು ಟೀ ಚಮಚ ಬೀಜ ಸಾಕು. ಅದಕ್ಕೆ ನಾಲ್ಕೈದು ಪಟ್ಟು ಒಣ ಮರಳು ಬೆರೆಸಿ ಉದುರಿಸಬೇಕು, ಮೇಲೆ ತೆಳ್ಳಗೆ ಗೊಬ್ಬರದ ಪುಡಿ, ಝಾರಿಯಲ್ಲಿ ನೀರು. ಬಿತ್ತಿ ವಾರವಾದರೂ ಮೊಳಕೆ ಕಾಣದಿದ್ದರೆ ಬೀಜ ಕೆಟ್ಟದ್ದು ಎಂದು ಅಂಗಡಿಯವನನ್ನು ಬೈಯುವ ಮೊದಲು ಇರುವೆ ಸಾಲು ಹುಡುಕಿ. ರಾತ್ರೋರಾತ್ರಿ ಬೀಜ ಗೂಡಿಗೆ ಸಾಗಿರುತ್ತದೆ. ಪಾತಿಯ ಸುತ್ತ ಒಂದಿಷ್ಟು ಅಕ್ಕಿನುಚ್ಚೋ ರವೆಯೋ ಚೆಲ್ಲುವುದು ರೈತರ ಹಳೆಯ ಉಪಾಯ; ಮೊಳಕೆ ಬರುವ ನಾಲ್ಕೈದು ದಿನ ಇರುವೆ ಅದರಲ್ಲೇ ಮಗ್ನ.

ಮಲೆನಾಡು, ಕರಾವಳಿಯಲ್ಲಿ ಜೂನ್ ಬಿತ್ತನೆಯೇ ತಪ್ಪು. ಜಡಿಮಳೆಯಲ್ಲಿ ಸಣ್ಣ ಸಸಿ ಕೊಳೆಯುತ್ತದೆ, ಉಳಿದದ್ದರ ಎಲೆಯಡಿ ಬಿಳಿ ತುಕ್ಕಿನ ಗುಳ್ಳೆ ಏಳುತ್ತದೆ. ಅಲ್ಲಿ ಮಳೆಗಾಲಕ್ಕೆ ಬಸಳೆ, ಕೆಸು. ಹರಿವೆಗೆ, ಅಂದರೆ ದಂಟಿಗೆ, ಮಳೆ ಇಳಿಯುವವರೆಗೆ ಕಾಯಬೇಕು. ಕಲಬುರಗಿ, ರಾಯಚೂರು ಕಡೆಯ ಎರೆ ನೆಲಕ್ಕೆ ಪುಂಡಿಪಲ್ಯೆ, ರಾಜಗಿರಿ ಒಗ್ಗಿದವು. ಮೆಂತ್ಯ, ಪಾಲಕ್, ಕೊತ್ತಂಬರಿಗೆ ನವೆಂಬರ್‌ನಿಂದ ಜನವರಿ ಎಲ್ಲ ಕಡೆ ಒಳ್ಳೆಯ ಕಾಲ. ಬೇಲಿಗೆ ಹಬ್ಬಿಸುವ ನಾಟಿ ಅವರೆಯನ್ನು ಜುಲೈ–ಆಗಸ್ಟ್‌ನಲ್ಲೇ ಬಿತ್ತಬೇಕು. ಹಗಲು ಚಿಕ್ಕದಾದಾಗ ಮಾತ್ರ ಅದು ಹೂ ಬಿಡುತ್ತದೆ. ಜನವರಿಯಲ್ಲಿ ಬಿತ್ತಿದರೆ ಬಳ್ಳಿಯಷ್ಟೇ ಲಾಭ.

ನುಗ್ಗೆಯ ಬಗ್ಗೆ ಎರಡು ಮಾತು. ಪಿಕೆಎಂ-1 ಅಥವಾ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಯ ನಾಲ್ಕು ಗಿಡ ಇದ್ದರೆ ನೂರು ಮಕ್ಕಳ ಬೇಳೆಗೆ ಆಗಾಗ ಸೊಪ್ಪು ಸಿಗುತ್ತದೆ. ಆದರೂ ಎಷ್ಟೋ ಶಾಲೆಗಳು ನೆಟ್ಟ ನುಗ್ಗೆಯನ್ನು ಕಡಿಸುತ್ತವೆ, ಕಾರಣ ಕಂಬಳಿ ಹುಳು. ಮುಂಗಾರು ಬಿದ್ದ ಮೇಲೆ ಅವು ಹಗಲು ಕಾಂಡದ ಮೇಲೆ ಹಿಂಡುಗಟ್ಟಿ ಕೂರುತ್ತವೆ; ಮಗು ಒರಗಿದರೆ ಮೈಯೆಲ್ಲ ತುರಿಕೆ. ಗಿಡವನ್ನು ಮೂರು ಅಡಿಗೆ ಸವರಿ ಪೊದೆಯಾಗಿ ಇಟ್ಟುಕೊಂಡರೆ ಸೊಪ್ಪೂ ಕೈಗೆಟಕುತ್ತದೆ, ಹಿಂಡು ಕಂಡ ದಿನವೇ ದೊಡ್ಡವರು ಸೋಪಿನ ನೀರು ಸಿಂಪಡಿಸಿ ಕೆಡವಬಹುದು. ನೆಡುವಾಗ ಆಟದ ಬಯಲಿನಿಂದ ದೂರ ಇಡಬೇಕು.

ನೀರಿನ ಲೆಕ್ಕವೂ ಬೇಕು. ಮೂವತ್ತು ಚದರ ಮೀಟರ್ ಪಾತಿಗೆ ಬಿಸಿಲಿನಲ್ಲಿ ದಿನಕ್ಕೆ 120–150 ಲೀಟರ್. ನೂರು ಮಕ್ಕಳು ಕೈ, ತಟ್ಟೆ ತೊಳೆದ ನೀರು ಇದಕ್ಕಿಂತ ಹೆಚ್ಚೇ ಆಗುತ್ತದೆ, ಆದರೆ ಅದನ್ನು ನೇರ ಸೊಪ್ಪಿಗೆ ಬಿಡಬಾರದು: ಎಂಜಲು, ಸೋಪಿನ ಪುಡಿ ಎರಡೂ ಎಲೆಗೆ ಸಿಡಿಯುತ್ತವೆ. ಜಲ್ಲಿ, ಮರಳು ತುಂಬಿದ ಗುಂಡಿಯಲ್ಲಿ ಇಳಿಸಿ ಬಾಳೆ, ಪಪ್ಪಾಯಿ, ನುಗ್ಗೆಗೆ ಬಿಡಿ. ಸೊಪ್ಪಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಸರಿ, ಬುಡಕ್ಕೆ, ಬೆಳಗ್ಗೆ.

ಏಪ್ರಿಲ್, ಮೇ ರಜೆಯನ್ನು ಗೆಲ್ಲಲು ಹೋಗಿ ಸೋತವರೇ ಜಾಸ್ತಿ. ಮಾರ್ಚ್ ಕೊನೆಗೆ ಸೊಪ್ಪಿನ ಪಾತಿ ಕಿತ್ತು ತರಗೆಲೆ ಹೊದಿಸಿ ಮುಚ್ಚಿಬಿಡುವುದು ಸರಿ. ಉಳಿಯಬೇಕಾದವು ಕರಿಬೇವು, ನುಗ್ಗೆ, ನಿಂಬೆ, ಚಕ್ರಮುನಿ. ಅವುಗಳ ಬುಡದಲ್ಲಿ ಹತ್ತು ಲೀಟರಿನ ಮಡಕೆ ಹೂತರೆ ನಾಲ್ಕೈದು ದಿನಕ್ಕೊಮ್ಮೆ ತುಂಬಿದರೆ ಸಾಕು. ತುಂಬುವ ಪಕ್ಕದ ಮನೆಯವರಿಗೆ ರಜೆಯಲ್ಲಿ ಬಂದ ಫಸಲು ಅವರದೇ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಅದಕ್ಕೆ ಕಳ್ಳತನ ಎಂಬ ಹೆಸರು ಬಂದು ಊರೊಳಗೆ ಜಗಳವಾಗುತ್ತದೆ.

ಇನ್ನೊಂದು ಜಗಳ ಹೆಚ್ಚು ಗಂಭೀರ. ‘ಮಣ್ಣು ಹೊರಲಿಕ್ಕೆ ಮಕ್ಕಳನ್ನ ಶಾಲೆಗೆ ಕಳಿಸ್ತೀವಾ?’ ಎಂದು ಕೇಳುವ ತಂದೆತಾಯಿಗೆ ಕಾರಣವಿದೆ. ಬಹಳಷ್ಟು ಕಡೆ ಅಗೆಯುವ, ಗೊಬ್ಬರ ಹೊರುವ ಕೆಲಸ ಕೆಲವೇ ಕೇರಿಯ ಮಕ್ಕಳಿಗೆ, ಹೂ ಕೊಯ್ಯುವುದು ಉಳಿದವರಿಗೆ ಬಂದಿದೆ. ತಡವಾಗಿ ಬಂದವರಿಗೆ ಶಿಕ್ಷೆಯಾಗಿ ಕಳೆ ಕೀಳಿಸುವುದೂ ಇದೆ. ಹಾಜರಿ ಪುಸ್ತಕದ ಸಂಖ್ಯೆಯ ಸರದಿಯಂತೆ, ಎಲ್ಲ ಕೆಲಸಕ್ಕೂ ಎಲ್ಲರೂ, ದಿನಕ್ಕೆ ಅರ್ಧ ಗಂಟೆ ಮೀರದಂತೆ ಎಂದು ಗೋಡೆಗೆ ಬರೆದು ಹಾಕಿದರೆ ಈ ದೂರು ಹುಟ್ಟುವುದಿಲ್ಲ. ಭಾರದ ಅಗೆತ ದೊಡ್ಡವರದು.

ಉಳಿದ ಮುಕ್ಕಾಲು ಪಾಲು

ತೋಟದಿಂದ ಕಾಲು ಭಾಗ ಬಂದರೂ ಮುಕ್ಕಾಲು ತರಕಾರಿ ಕೊಳ್ಳಬೇಕು. ಹಾಲಿನಲ್ಲಿ ನಮ್ಮ ರಾಜ್ಯ ಒಂದು ದಾರಿ ತೋರಿಸಿದೆ: 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ 150 ಮಿ.ಲೀ. ಹಾಲು ಕೆಎಂಎಫ್ ಪುಡಿಯಿಂದ ಆಗುವಂಥದ್ದು, ಅಂದರೆ ಇಲ್ಲಿನ ರೈತರದ್ದೇ. ಅಕ್ಕಿ ಎಫ್‌ಸಿಐ (ಭಾರತೀಯ ಆಹಾರ ನಿಗಮ) ಗೋದಾಮಿನದು, ಅದನ್ನು ಬದಲಿಸುವುದು ಶಾಲೆಯ ಕೈಯಲ್ಲಿಲ್ಲ. ತರಕಾರಿ ಮಾತ್ರ ಊರಿನಲ್ಲೇ ಕೊಳ್ಳಬಹುದಾದದ್ದು, ಆದರೂ ಸಂತೆಯ ವ್ಯಾಪಾರಿಯಿಂದ ಬರುತ್ತದೆ. ಬ್ರೆಜಿಲ್ 2009ರ ಕಾನೂನಿನಲ್ಲಿ ಶಾಲಾ ಊಟದ ಕೇಂದ್ರ ಅನುದಾನದ ಕನಿಷ್ಠ ಶೇ 30ನ್ನು ಸಣ್ಣ ರೈತ ಕುಟುಂಬಗಳಿಂದಲೇ ಕೊಳ್ಳಲು ಖರ್ಚು ಮಾಡಬೇಕೆಂದು ಬರೆಯಿತು. ಇಲ್ಲಿ ರೈತ ಉತ್ಪಾದಕ ಸಂಸ್ಥೆಗಳನ್ನು ಸೇರಿಸಿಕೊಳ್ಳಿ ಎಂಬ ಪ್ರೋತ್ಸಾಹದ ಮಾತಿದೆ, ಶೇಕಡಾವಾರು ಕಟ್ಟುಪಾಡಿಲ್ಲ.

ಸಾಮಗ್ರಿ ವೆಚ್ಚ 2025ರ ಮೇ ತಿಂಗಳಿಂದ ಪ್ರಾಥಮಿಕದಲ್ಲಿ ಮಗುವಿಗೆ ದಿನಕ್ಕೆ 6.78 ರೂಪಾಯಿ, ಹಿರಿಯ ಪ್ರಾಥಮಿಕದಲ್ಲಿ 10.17. ಬೇಳೆ, ಎಣ್ಣೆ, ಮಸಾಲೆ, ಗ್ಯಾಸ್ ಎಲ್ಲ ಇದರಲ್ಲೇ. 2023ರ ಜುಲೈನಂತೆ ಟೊಮೆಟೊ ನೂರು ರೂಪಾಯಿ ದಾಟಿದಾಗ ಮೊದಲು ತೆಳ್ಳಗಾಗುವುದು ಸಾರು. ಜುಲೈನಲ್ಲೇ ಊರಿನ ಇಬ್ಬರು ರೈತರ ಜೊತೆ ಕೂತು, ಸೀಮೆಬದನೆ, ಕುಂಬಳ, ಹುರುಳಿಕಾಯಿಯಂಥ ನಾಲ್ಕೈದು ತರಕಾರಿಗೆ ವಾರದ ಪ್ರಮಾಣ ಮತ್ತು ಸರಾಸರಿ ದರ ಗೊತ್ತುಮಾಡಿಕೊಂಡ ಕಡೆ ಈ ಏರಿಳಿತ ಅಷ್ಟು ತಟ್ಟುವುದಿಲ್ಲ. ಇಂಥ ಒಪ್ಪಂದ ಮುರಿದು ಬೀಳುವುದು ಸಾಮಾನ್ಯವಾಗಿ ಎರಡು ಕಡೆ. ರೈತನ ಬಳಿ ಬಿಲ್ ಇರುವುದಿಲ್ಲ, ಹಾಗಾಗಿ ತೂಕ, ದರ, ಸಹಿ ಇರುವ ರಸೀದಿ ಪುಸ್ತಕವನ್ನು ಶಾಲೆಯೇ ಇಟ್ಟು, ಅಕ್ಷರ ದಾಸೋಹದ ತಾಲ್ಲೂಕು ಅಧಿಕಾರಿಯಿಂದ ಅದಕ್ಕೆ ಮೊದಲೇ ಒಪ್ಪಿಗೆ ಪಡೆದಿರಬೇಕು. ಎರಡನೆಯದು ದುಡ್ಡು. ಅನುದಾನ ತಡವಾದರೆ ವ್ಯಾಪಾರಿ ಎರಡು ತಿಂಗಳು ಸಾಲ ಕೊಡಬಲ್ಲ, ಅರ್ಧ ಎಕರೆಯಲ್ಲಿ ಹುರುಳಿಕಾಯಿ ಬೆಳೆದವನಿಗೆ ಅದು ಆಗದು. ಅವನಿಗೆ ಹದಿನೈದು ದಿನಕ್ಕೊಮ್ಮೆ ಹಣ ಕೊಡುವಷ್ಟು ಮೊತ್ತವನ್ನು ಎಸ್‌ಡಿಎಂಸಿಯೋ ದಾನಿಗಳೋ ಮೊದಲೇ ತೆಗೆದಿರಿಸಬೇಕು. ನೂರು ಮಕ್ಕಳ ಶಾಲೆಗೆ ಹದಿನೈದು ದಿನದ ತರಕಾರಿ ಅಂದರೆ ಅರವತ್ತು–ಎಪ್ಪತ್ತು ಕೆ.ಜಿ.; ಕೆ.ಜಿ.ಗೆ ನಲವತ್ತು ರೂಪಾಯಿ ಹಿಡಿದರೂ ಮೂರು ಸಾವಿರ ದಾಟುವುದಿಲ್ಲ.