11 ಕಿ.ಮೀ. ದಾಟಿದ ಮೇಲೆ ಸೂತ್ರ ಬದಲಾಗುತ್ತದೆ: ಪ್ರಮಾಣಿತ ವಾತಾವರಣದ ಟಿಪ್ಪಣಿ

ನಿಜವಾದ ಗಾಳಿ ದಿನಕ್ಕೊಂದು ಥರ. ಹಾಗಾಗಿ ವಿಮಾನದ ಸಿಮ್ಯುಲೇಷನ್‌ಗೆ ಎಲ್ಲರೂ ಒಪ್ಪಿದ ಲೆಕ್ಕದ ಗಾಳಿಯೊಂದನ್ನು ಬಳಸುತ್ತಾರೆ. ಅದೇ ಅಂತರರಾಷ್ಟ್ರೀಯ ಪ್ರಮಾಣಿತ ವಾತಾವರಣ, ಚಿಕ್ಕದಾಗಿ ಐಎಸ್‌ಎ. ಸಮುದ್ರಮಟ್ಟದಲ್ಲಿ ಉಷ್ಣಾಂಶ 288.15 ಕೆಲ್ವಿನ್, ಒತ್ತಡ 101325 ಪಾಸ್ಕಲ್. ಇವೆರಡನ್ನು ಬಾಯಿಪಾಠ ಮಾಡಿಕೊಳ್ಳಿ. ಸಾಂದ್ರತೆ (ಘನಮೀಟರಿಗೆ 1.225 ಕೆ.ಜಿ.) ಒತ್ತಡ, ಉಷ್ಣಾಂಶ, ಸಾಂದ್ರತೆಗಳ ನಂಟು ಹೇಳುವ ಅನಿಲ ನಿಯಮದಿಂದ ತಾನಾಗಿ ಬರುತ್ತದೆ.

ಇಲ್ಲಿ ಯಜಮಾನ ಉಷ್ಣಾಂಶ. ಅದು ಎತ್ತರಕ್ಕೆ ತಕ್ಕಂತೆ ಹೇಗೆ ಬದಲಾಗಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರೆ: 11 ಕಿ.ಮೀ. ತನಕ ಪ್ರತಿ ಕಿ.ಮೀ.ಗೆ 6.5 ಡಿಗ್ರಿ ಇಳಿಕೆ, ಅಲ್ಲಿಂದ 20 ಕಿ.ಮೀ. ತನಕ 216.65 ಕೆಲ್ವಿನ್‌ನಲ್ಲೇ ನಿಶ್ಚಲ, ಆಮೇಲೆ ನಿಧಾನ ಏರಿಕೆ. ಮೇಲಿನ ಗಾಳಿಯ ಭಾರವನ್ನು ಲೆಕ್ಕ ಹಾಕಿದರೆ ಒತ್ತಡ ಸಿಗುತ್ತದೆ. ಮೊದಲ ಪದರದಲ್ಲಿ ಅದು ಹೀಗೆ: ಉಷ್ಣಾಂಶವನ್ನು 288.15ರಿಂದ ಭಾಗಿಸಿ, 5.256ರ ಘಾತಕ್ಕೇರಿಸಿ, 101325ರಿಂದ ಗುಣಿಸಿ.

ನಾನು ಎಡವಿದ್ದು ಇಲ್ಲೇ. ನನ್ನ ಪ್ರೋಗ್ರಾಂನಲ್ಲಿ ಇದೇ ಸೂತ್ರವನ್ನು, 6.5 ಡಿಗ್ರಿಯ ಇಳಿಕೆಯ ಸಮೇತ, ಮೇಲಿನವರೆಗೂ ಎಳೆದುಬಿಟ್ಟಿದ್ದೆ. 20 ಕಿ.ಮೀ.ನಲ್ಲಿ ಒತ್ತಡ 5475 ಪಾಸ್ಕಲ್ ಬರಬೇಕಿತ್ತು, ನನಗೆ ಬಂದದ್ದು 4328. ಆದರೂ ಬೇಗ ಗೊತ್ತಾಗಲಿಲ್ಲ. ಉಷ್ಣಾಂಶವೂ 158 ಕೆಲ್ವಿನ್‌ಗೆ ಕುಸಿದಿದ್ದರಿಂದ ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕಿ, ಸಾಂದ್ರತೆ 0.088 ಬದಲು 0.095 ಎಂದು ಸಭ್ಯವಾಗಿಯೇ ಕಾಣುತ್ತಿತ್ತು. ಕಳ್ಳ ಸಿಕ್ಕಿಬಿದ್ದದ್ದು ಮ್ಯಾಕ್ ಸಂಖ್ಯೆಯಲ್ಲಿ (ವಿಮಾನದ ವೇಗವನ್ನು ಶಬ್ದದ ವೇಗದಿಂದ ಭಾಗಿಸಿದರೆ ಬರುವುದು): ಶಬ್ದದ ವೇಗ ಸೆಕೆಂಡಿಗೆ 295 ಮೀಟರ್ ಇರುವ ಕಡೆ 252 ಆಗಿ, 0.8 ಇರಬೇಕಾದದ್ದು 0.94 ತೋರಿಸಿತು. ಸುಮಾರು 44.3 ಕಿ.ಮೀ. ದಾಟಿದರಂತೂ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದು ಪ್ರೋಗ್ರಾಂ ಸಂಖ್ಯೆ ಕೊಡುವುದನ್ನೇ ನಿಲ್ಲಿಸುತ್ತದೆ.

ನಿಶ್ಚಲ ಪದರದಲ್ಲಿ ಇಳಿಕೆಯ ದರ ಸೊನ್ನೆ. 5.256 ಎಂಬ ಘಾತ ಬರುವ ಭಾಗಾಕಾರದ ಛೇದದಲ್ಲಿ ಅದೇ ದರ ಕೂತಿರುವುದರಿಂದ (ಸೊನ್ನೆಯಿಂದ ಭಾಗಿಸಲಾಗದು) ಅಲ್ಲಿ ಹಳೆಯ ಸೂತ್ರ ನಡೆಯದು, ಘಾತೀಯ ಸೂತ್ರವೇ ಬೇಕು: 11 ಕಿ.ಮೀ.ನ 22632 ಪಾಸ್ಕಲ್‌ನಿಂದ ಹೊರಟು, ಪ್ರತಿ 6342 ಮೀಟರಿಗೆ ಒತ್ತಡ 2.718ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇನ್ನು ಬಿಸಿ ದಿನದ ಲೆಕ್ಕ. ಐಎಸ್‌ಎ ಪ್ರಕಾರ 900 ಮೀಟರಿನಲ್ಲಿ, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನ ಎತ್ತರದಲ್ಲಿ, ಬರೀ 9 ಡಿಗ್ರಿ ಸೆಲ್ಸಿಯಸ್! ಏಪ್ರಿಲ್‌ನಲ್ಲಿ ಇಲ್ಲಿರುವವರಿಗೆ ನಗು ಬರುತ್ತದೆ. ಒತ್ತಡವನ್ನು 90970 ಪಾಸ್ಕಲ್‌ನಲ್ಲೇ ಬಿಟ್ಟು, ಸಾಂದ್ರತೆಯ ಲೆಕ್ಕಕ್ಕೆ ಮಾತ್ರ 33 ಡಿಗ್ರಿ ಹಾಕಿ ನೋಡಿ (ಕೆಲ್ವಿನ್‌ಗೆ ಬದಲಿಸಿಕೊಂಡು!): 1.123 ಇದ್ದದ್ದು 1.035ಕ್ಕೆ ಇಳಿಯುತ್ತದೆ. ಐಎಸ್‌ಎಯಲ್ಲಿ ಇಷ್ಟು ಕಡಿಮೆ ಸಾಂದ್ರತೆ ಇರುವುದು ಇನ್ನೂ ಮೇಲೆ, ಹಾಗಾಗಿ ರೆಕ್ಕೆಯ ಮಟ್ಟಿಗೆ ವಿಮಾನ 900ರಲ್ಲಲ್ಲ, ಸುಮಾರು 1720 ಮೀಟರ್ ಎತ್ತರದಲ್ಲಿದೆ.