ಹಳೆ ಡಿಶ್‌ಗೆ ಕನ್ನಡಿ ಅಂಟಿಸಿದರೆ ಅನ್ನ ಬೇಯುತ್ತದೆಯೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಮಾಡಿನ ಮೇಲೆ ಟೀವಿಯ ಹಳೆ ಡಿಶ್ ಸುಮ್ಮನೆ ಬಿದ್ದಿದೆ. ಅದಕ್ಕೆ ಕನ್ನಡಿ ಚೂರು ಅಂಟಿಸಿ ಬಿಸಿಲಿನ ಒಲೆ ಮಾಡಬಹುದಾ? ಇಷ್ಟು ಮಳೆ ಬೀಳುವ ಊರಲ್ಲಿ ಅದರಿಂದ ಪ್ರಯೋಜನ ಇದೆಯಾ?

ಉತ್ತರ: ಒಲೆ ಖಂಡಿತ ಮಾಡಬಹುದು. ಡಿಸೆಂಬರಿನಿಂದ ಮುಂಗಾರು ಹಿಡಿಯುವ ತನಕ ಮಲೆನಾಡಿನಲ್ಲೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆ ಡಿಶ್ ಬೇಡ.

ಬಟ್ಟಲಿನ ಬಾಯಿ ಎಷ್ಟು ಅಗಲವೋ ಅಷ್ಟೇ ಬಿಸಿಲು ಒಳಗೆ ಬೀಳುತ್ತದೆ. ಮೋಡವಿಲ್ಲದ ಮಧ್ಯಾಹ್ನ ಒಂದು ಚದರ ಮೀಟರಿಗೆ ಸಿಗುವುದು ಸುಮಾರು 1,000 ವ್ಯಾಟ್. ಮನೆಮನೆಯ ಮೇಲಿರುವ 60 ಸೆಂ.ಮೀ. ಡಿಶ್‌ನ ಬಾಯಿ 0.28 ಚದರ ಮೀಟರ್ ಮಾತ್ರ. ಅದರಲ್ಲಿ ಅರ್ಧ ಶಾಖ ಪಾತ್ರೆಗೆ ಸೇರಿದರೂ 140 ವ್ಯಾಟ್ ಆಯಿತು. ಒಂದು ಲೀಟರ್ ನೀರು ಕುದಿಯಲಿಕ್ಕೇ ಸುಮಾರು 40 ನಿಮಿಷ ಬೇಕು. ಮೇಲಾಗಿ ಆ ಡಿಶ್ ದೊಡ್ಡ ಬಟ್ಟಲೊಂದರ ಪಕ್ಕದಿಂದ ಕತ್ತರಿಸಿದ ತುಂಡಿನಂಥದ್ದು. ಬೆಳಕು ಕೂಡುವ ಜಾಗ ಅದರ ನಡುವಿಗೆ ನೇರ ಇರುವುದಿಲ್ಲ, ಕೆಳಗೆ ತೋಳು ಚಾಚಿರುವ ಕಡೆ ಇರುತ್ತದೆ. ಅಲ್ಲಿ ಪಾತ್ರೆ ನಿಲ್ಲಿಸುವುದು ಕಷ್ಟ.

ಅದರ ಬದಲು 120 ಸೆಂ.ಮೀ. ಅಗಲದ ಬಟ್ಟಲನ್ನು ನೀವೇ ಮಾಡಿ. ಅದಕ್ಕೆ ಬೀಳುವ ಬಿಸಿಲು ನಾಲ್ಕು ಪಟ್ಟು. ಅರ್ಧದಷ್ಟು ದಕ್ಕಿದರೂ ಎರಡು ಲೀಟರ್ ನೀರು ಅರ್ಧ ಗಂಟೆಯೊಳಗೆ ಕುದಿಯುತ್ತದೆ.

ಎಲ್ಲವೂ ನಿಂತಿರುವುದು ಬಾಗಿನ ಮೇಲೆ. ನನ್ನ ಮೊದಲನೇ ಒಲೆಯನ್ನು ಕಣ್ಣಳತೆಯಲ್ಲಿ ಬಗ್ಗಿಸಿದ್ದೆ. ಬೆಳಕು ಅಂಗೈಯಗಲಕ್ಕೆ ಕೂಡುವ ಬದಲು ಮೊರದಗಲಕ್ಕೆ ಚದುರಿ, ನೀರು ಉಗುರುಬೆಚ್ಚಗಿನಿಂದ ಮೇಲೇರಲೇ ಇಲ್ಲ. ಬೇಕಾದದ್ದು ಪ್ಯಾರಾಬೋಲಾ ಎಂಬ ಬಾಗು. ಅದರ ಲೆಕ್ಕ ಸುಲಭ. ನಡುವಿನಿಂದ ಎಷ್ಟು ಸೆಂ.ಮೀ. ದೂರವೋ ಅದನ್ನು ಅದರಿಂದಲೇ ಗುಣಿಸಿ 120ರಿಂದ ಭಾಗಿಸಿ. ಬಂದದ್ದು ಅಲ್ಲಿ ಬಟ್ಟಲು ಏರಬೇಕಾದ ಎತ್ತರ. 20 ಸೆಂ.ಮೀ. ದೂರದಲ್ಲಿ 3.3, 30ರಲ್ಲಿ 7.5, 40ರಲ್ಲಿ 13.3, 50ರಲ್ಲಿ 20.8, ಅಂಚಿನ 60ರಲ್ಲಿ 30. ಈ ಅಳತೆಗೆ ಬೆಳಕು ತಳದಿಂದ 30 ಸೆಂ.ಮೀ. ಮೇಲೆ, ಅಂದರೆ ಅಂಚಿನ ಮಟ್ಟಕ್ಕೇ ಕೂಡುತ್ತದೆ. ಬಟ್ಟಲನ್ನು ಇದಕ್ಕಿಂತ ಚಪ್ಪಟೆ ಮಾಡಿದರೆ ಆ ಬಿಂದು ಹೊರಗೆ ಚಾಚಿ, ಓಡಾಡುವವರ ಕೈಗೆ ಕಣ್ಣಿಗೆ ತಾಗುತ್ತದೆ.

ಈ ಬಾಗನ್ನು ರಟ್ಟಿನ ಮೇಲೆ ಬರೆದುಕೊಂಡು ಪ್ಲೈವುಡ್‌ನಲ್ಲಿ 12 ಪಕ್ಕೆಲುಬು ಕೊಯ್ಯಿಸಿ, ನಡುವಿನಲ್ಲಿ ಜೋಡಿಸಿ, ಅಂಚಿಗೆ ಬಿದಿರಿನ ದಬ್ಬೆ ಸುತ್ತಿ ಬಿಗಿಯಿರಿ. ಪಕ್ಕೆಲುಬುಗಳ ನಡುವೆ ಬೇಕಾಗುವ ಎಸಳು 69 ಸೆಂ.ಮೀ. ಉದ್ದ, ಅಂಚಿನಲ್ಲಿ 31 ಸೆಂ.ಮೀ. ಅಗಲ. ಗುಜರಿಯಲ್ಲಿ ಸಿಗುವ 15 ಕಿಲೋದ ಎಣ್ಣೆ ಡಬ್ಬದ ನಾಲ್ಕು ಬದಿ ಬಿಚ್ಚಿ ಹರಡಿದರೆ ಒಂದು ಎಸಳು ಆಗುತ್ತದೆ. ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಸ್ಟಿಕರ್ ಹಾಳೆ ಅಂಟಿಸಿದರೆ ಮುಗಿಯಿತು. ನಿಜವಾದ ಕನ್ನಡಿಯೇ ಬೇಕೆಂದರೆ 5 ಸೆಂ.ಮೀ. ಚೌಕದ ಸುಮಾರು 550 ಚೂರು ಬೇಕು. ಬಾಳಿಕೆ ಹೆಚ್ಚು, ಆದರೆ 3 ಮಿ.ಮೀ. ಗಾಜಿನದ್ದೇ ಹತ್ತು ಕಿಲೋ ಭಾರ. ತಿಂಡಿ ಕಟ್ಟುವ ಫಾಯಿಲ್ ಮಾತ್ರ ಬೇಡ. ಸುಕ್ಕಾಗುತ್ತದೆ, ನಮ್ಮ ತೇವಕ್ಕೆ ಬೇಗ ಮಂಕಾಗುತ್ತದೆ.

ಪಾತ್ರೆಯ ಕೊಂಡಿ ಮತ್ತು ಬಟ್ಟಲು ತಿರುಗುವ ಅಚ್ಚು, ಎರಡೂ ಆ ಬೆಳಕಿನ ಬಿಂದುವಿನ ಮಟ್ಟದಲ್ಲೇ ಇರಲಿ. ಆಗ ಬಟ್ಟಲನ್ನು ಎಷ್ಟು ವಾಲಿಸಿದರೂ ಪಾತ್ರೆ ನೆಟ್ಟಗೆ ತೂಗುತ್ತದೆ, ಗಂಜಿ ಚೆಲ್ಲುವುದಿಲ್ಲ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುವುದರಿಂದ ಕಾಲು ಗಂಟೆಗೊಮ್ಮೆ ಬಟ್ಟಲನ್ನು ತಿರುಗಿಸಬೇಕು. ಪಾತ್ರೆಗೆ ಕಪ್ಪು ಬಣ್ಣ ಬಳಿಯುವ ಖರ್ಚು ನಮಗಿಲ್ಲ. ಸೌದೆ ಒಲೆಯಲ್ಲಿ ಮಸಿ ಹಿಡಿದ ತೆಳ್ಳನೆಯ ಅಲ್ಯೂಮಿನಿಯಂ ಪಾತ್ರೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದೊಂದನ್ನು ಬೂದಿ ಹಾಕಿ ತಿಕ್ಕಬೇಡಿ ಎಂದು ಮನೆಯಲ್ಲಿ ಹೇಳಿಡಿ.

ಇನ್ನು ಮಳೆಯ ಮಾತು. ಬಾಗಿದ ಕನ್ನಡಿ ಕೂಡಿಸುವುದು ನೇರ ಬಿಸಿಲನ್ನು ಮಾತ್ರ. ಮೋಡದೊಳಗಿಂದ ಎಲ್ಲ ದಿಕ್ಕಿಗೂ ಚದುರಿ ಬರುವ ಬೆಳಕು ಎಷ್ಟಿದ್ದರೂ ಅದಕ್ಕೆ ದಕ್ಕದು. ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಆಗುಂಬೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಇದನ್ನು ಅಟ್ಟ ಸೇರಿಸುವುದೇ ಸರಿ. ಉಳಿದ ದಿನಗಳಲ್ಲಿ ಆಕಾಶ ನೋಡಬೇಡಿ, ನಿಮ್ಮ ನೆರಳು ನೋಡಿ. ಅಂಚು ಚೂಪಾಗಿದ್ದರೆ ಅಕ್ಕಿ ತೊಳೆಯಬಹುದು. ಬೆಳಗಿನ ಮಂಜು ಹರಿಯುವವರೆಗೆ ಅಂಥ ನೆರಳು ಬೀಳುವುದಿಲ್ಲ.

ಜಾಗದ ವಿಷಯದಲ್ಲಿ ಹಲವರು ಎಡವುತ್ತಾರೆ. ಡಿಸೆಂಬರಿನ ನಡುಮಧ್ಯಾಹ್ನ ಶಿವಮೊಗ್ಗದಲ್ಲಿ ಸೂರ್ಯ ತೆಂಕಣಕ್ಕೆ ವಾಲಿ 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ನೆತ್ತಿಗೆ ಬರುವುದು ಏಪ್ರಿಲ್ ಕೊನೆಗೆ. ತೋಟ ಮನೆಯ ದಕ್ಷಿಣಕ್ಕಿದ್ದರೆ 50 ಅಡಿಯ ಅಡಿಕೆ ಮರದ ನೆರಳು ಆ ಹೊತ್ತಿಗೂ 38 ಅಡಿ ಅಂಗಳಕ್ಕೆ ಚಾಚಿರುತ್ತದೆ. ಚಪ್ಪರ ಬೇರೆ ಹಾಕಿದ್ದರೆ ಅಂಗಳ ಬಿಟ್ಟು ಗದ್ದೆಯಂಚಿಗೆ ಒಲೆ ಒಯ್ಯಬೇಕು. ಅಡಿಕೆ ಬೇಯಿಸುವ ಹಂಡೆಗೂ ಇದು ಆದೀತೇ ಎಂದು ಕೇಳುವವರಿದ್ದಾರೆ. ಆಗದು. ಮೂರು ನಾಲ್ಕು ಜನರ ಅನ್ನ, ಸಾರು, ನೆನೆಸಿದ ಕಾಳು, ಹಬೆಯ ಕಡುಬು, ಇಷ್ಟು ಇದರ ಅಳವು.

ಬೆಂಕಿ ಕಾಣದಿದ್ದರೂ ಇದು ಬೆಂಕಿಯೇ. ಪಾತ್ರೆಗೆ ಕೈ ಹಾಕುವಾಗ ಬಟ್ಟಲನ್ನು ಸೂರ್ಯನಿಂದ ತಿರುಗಿಸಿ, ಕಪ್ಪು ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮಾರ್ಚ್‌ನಲ್ಲಿ ದರಕು, ಅಂದರೆ ಉದುರಿದ ಎಲೆ, ಒಣಗಿ ಗರಿಗರಿಯಾಗಿರುತ್ತದೆ, ಹುಲ್ಲಿನ ಬಣವೆಯೂ ಪಕ್ಕದಲ್ಲೇ ಇರುತ್ತದೆ. ಹಾಗಾಗಿ ಅಡುಗೆ ಇಳಿಸಿದ ಕೂಡಲೇ ಬಟ್ಟಲನ್ನು ಬೋರಲು ಹಾಕಿ, ಮೇಲೊಂದು ಗೋಣಿ ಹೊದಿಸಿ.