ಪುಸ್ತಕಕ್ಕೂ ಹಸಿವಾಗುತ್ತದೆಯೇ?

ಹೋದ ವರ್ಷ ನನ್ನ ಟ್ಯಾಬ್ಲೆಟ್ಟಿಗೆ 96 ಇ-ಪುಸ್ತಕ ಬಂದವು. ಓದಿ ಮುಗಿಸಿದ್ದು 18. ಓದದೇ ಉಳಿದವು ಈಗ 412. ಇವತ್ತಿನಿಂದ ಒಂದೂ ಹೊಸದು ತರದಿದ್ದರೂ ಇಷ್ಟನ್ನು ಮುಗಿಸಲು 23 ವರ್ಷ ಬೇಕು.

ಕಾಗದದ ಪುಸ್ತಕಕ್ಕೆ ಬೆಂಗಳೂರಿನಲ್ಲಿ ಒಂದು ಬ್ರೇಕ್ ಇದೆ: ಬಾಡಿಗೆ ಮನೆ. 11 ತಿಂಗಳ ಅಗ್ರಿಮೆಂಟ್ ಮುಗಿದು, ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಪುಸ್ತಕದ ಡಬ್ಬ ಇಳಿಸಿದವರು ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಿಗೆ ಹೋದಾಗ ಎರಡು ಸಲ ಯೋಚಿಸುತ್ತಾರೆ. ಇ-ಪುಸ್ತಕಕ್ಕೆ ಭಾರವೇ ಇಲ್ಲ, ಅಲ್ವಾ? ಇದೆ. ಟ್ಯಾಬ್ಲೆಟ್ಟಿನೊಳಗೆ ಫೈಲುಗಳು ಕೂರುವ ಚಿಪ್, ಅಂದರೆ ಫ್ಲಾಶ್ ಮೆಮೊರಿಯಲ್ಲಿ ಡೇಟಾ ಹಿಡಿದಿಡುವ ಎಲೆಕ್ಟ್ರಾನುಗಳ ಶಕ್ತಿ ತುಸು ಜಾಸ್ತಿ. ಐನ್‌ಸ್ಟೈನ್ ಸೂತ್ರದ ಪ್ರಕಾರ ಶಕ್ತಿ ಹೆಚ್ಚಿದರೆ ತೂಕವೂ ಹೆಚ್ಚುತ್ತದೆ. ಇ-ಪುಸ್ತಕ ಓದುವ ಸಾಧನವಾದ 4 ಜಿಬಿ ಕಿಂಡಲ್ ತುಂಬಿದರೆ ಎಷ್ಟು ಹೆಚ್ಚೀತು ಎಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಜಾನ್ ಕುಬಿಯಾಟೊವಿಚ್ 2011ರಲ್ಲಿ ಲೆಕ್ಕ ಹಾಕಿದರು. ಒಂದು ಗ್ರಾಮಿನ ಶತಕೋಟಿಯ ಶತಕೋಟಿಯಲ್ಲೊಂದು ಭಾಗ. ಮನೆ ಶಿಫ್ಟ್ ಮಾಡುವವರು ಇದಕ್ಕೆ ಎಕ್ಸ್‌ಟ್ರಾ ಕೇಳುವುದಿಲ್ಲ.

ಹಾಗಾಗಿ ಇ-ಪುಸ್ತಕಕ್ಕೆ ಬ್ರೇಕ್ ಇಲ್ಲ, ಓದದ ಪುಸ್ತಕಗಳ ಕ್ಯೂ ಬೆಳೆಯುತ್ತಲೇ ಹೋಗುತ್ತದೆ. ಕ್ಯೂಗಳಿಗೆ ಅಂತಲೇ ಒಂದು ಗಣಿತವಿದೆ. 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ ಸೂತ್ರ ತುಂಬ ಸರಳ: ಒಳಗಿರುವವರ ಸಂಖ್ಯೆ ಎಂದರೆ ಬರುವ ವೇಗವನ್ನು ಒಬ್ಬೊಬ್ಬರು ಇರುವ ಹೊತ್ತಿನಿಂದ ಗುಣಿಸಿದಷ್ಟು. ಗಾಂಧಿ ಬಜಾರಿನ ದೋಸೆ ಹೋಟೆಲ್ ವಿದ್ಯಾರ್ಥಿ ಭವನವನ್ನೇ ನೆನೆಸಿಕೊಳ್ಳಿ. ನಿಮಿಷಕ್ಕೆ ಇಬ್ಬರು ಬಂದು, ಅರ್ಧ ಗಂಟೆ ಇದ್ದು ಹೋದರೆ, ಅಲ್ಲಿ ಸರಾಸರಿ 60 ಮಂದಿ ಇರುತ್ತಾರೆ. ಒಂಟಿಯಾಗಿ ಬಂದರೋ ಸಂಸಾರ ಸಮೇತ ಬಂದರೋ ಲೆಕ್ಕಕ್ಕಿಲ್ಲ.

ಷರತ್ತು ಒಂದೇ: ಬಂದಷ್ಟೇ ಜನ ಹೊರಗೂ ಹೋಗುತ್ತಿರಬೇಕು. ದೋಸೆಯ ಕ್ಯೂನಲ್ಲಿ ಅದು ತಾನಾಗಿ ಆಗುತ್ತದೆ. ಬಾಗಿಲ ಮುಂದಿನ ಗುಂಪು ನೋಡಿಯೇ ಕೆಲವರು ವಾಪಸ್ ಹೋಗುತ್ತಾರೆ. ಹೆಸರು ಬರೆಸಿದ ಮೇಲೂ ಹಸಿವು ತಾಳದವರು ಬೇರೆ ಹೋಟೆಲ್ ಹಿಡಿಯುತ್ತಾರೆ. ಪುಸ್ತಕಕ್ಕೆ ಹಸಿವಿಲ್ಲ. ಕಾಯುತ್ತಲೇ ಇರುತ್ತದೆ. ಹೋದ ವರ್ಷದ ಲೆಕ್ಕದಲ್ಲೇ ನನ್ನ ಸಾಲು 78ರಷ್ಟು ಉದ್ದವಾಯಿತು. ಅಂಥ ಸಾಲಿಗೆ ಲಿಟಲ್ ಸೂತ್ರ ಅನ್ವಯಿಸುವುದೇ ಇಲ್ಲ.

ನಾನು ಮೊದಲು ಮಾಡಿದ್ದು ಫೋಲ್ಡರ್ ಜೋಡಿಸುವ ಕೆಲಸ. ಬಣ್ಣ, ಟ್ಯಾಗ್, ಎಲ್ಲ ಆಯ್ತು. ಒಂದು ಭಾನುವಾರ ಹೋಯ್ತು. ಬರುವ ವೇಗವೂ ಹೋಗುವ ವೇಗವೂ ಇದ್ದಲ್ಲೇ ಇದ್ದವು.

ಆಮೇಲೆ ಸೂತ್ರವನ್ನು ತಿರುಗಿಸಿದೆ. ಒಂದು ಪುಸ್ತಕ ಸರಾಸರಿ ಎರಡು ವರ್ಷ ಕಾಯಬಹುದು ಅಂದರೆ, ವರ್ಷಕ್ಕೆ 18ರಂತೆ ಸಾಲಿನಲ್ಲಿ 36ಕ್ಕೆ ಜಾಗ. ಒಂದು ಓದಿದರೆ ಒಂದು ಒಳಗೆ. ಉಳಿದ 376 ಅಳಿಸಬೇಕಿಲ್ಲ, ಸಾಲಿನಿಂದ ಎಬ್ಬಿಸಿದರೆ ಸಾಕು. ಅವುಗಳಲ್ಲಿ ಎಷ್ಟೋ ಹಳೆಯ ಕನ್ನಡ ಪುಸ್ತಕಗಳು. ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಭಾಗಿಯಾಗಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾಗೆ ಸ್ಕ್ಯಾನ್ ಆಗಿ, ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವಂಥವು. ಎಲ್ಲಿ ಮಾಯವಾಗುತ್ತವೋ ಅಂತ ಸುಮ್ನೆ ಇಳಿಸಿಕೊಂಡಿದ್ದೆ.

ಸರಿ, 36ರಲ್ಲಿ ಯಾವುದು ಮೊದಲು? ಚಿಕ್ಕದು. 20 ದಿನ ಹಿಡಿಯುವ ಪುಸ್ತಕ ಮೊದಲು, 2 ದಿನದ್ದು ಆಮೇಲೆ ಎಂದರೆ ಅವು ಮುಗಿಯುವುದು 20 ಮತ್ತು 22ನೇ ದಿನ, ಸರಾಸರಿ 21. ಚಿಕ್ಕದನ್ನು ಮೊದಲು ಓದಿದರೆ 2 ಮತ್ತು 22, ಸರಾಸರಿ 12. ಓದಿದ ಪುಟ ಅಷ್ಟೇ, ಕಾಯುವುದು ಮಾತ್ರ ಕಡಿಮೆ.

ಆದರೆ ಚಿಕ್ಕವು ಬರುತ್ತಲೇ ಇದ್ದರೆ ದಪ್ಪದ ಪುಸ್ತಕಕ್ಕೆ ಸರದಿಯೇ ಬರುವುದಿಲ್ಲ. ಪುಸ್ತಕಕ್ಕೆ ಹಸಿವಿಲ್ಲ ಎಂದೆನಲ್ಲ, ಕಂಪ್ಯೂಟರಿನವರು ಒಪ್ಪುವುದಿಲ್ಲ. ಪ್ರೊಸೆಸರ್ ಮುಂದೆ ಹೀಗೆ ಕಾದೂ ಕಾದೂ ಕೂರುವ ಕೆಲಸಕ್ಕೆ ಅವರು ಇಟ್ಟ ಹೆಸರೇ ಸ್ಟಾರ್ವೇಶನ್, ಉಪವಾಸ. ಮದ್ದಿನ ಹೆಸರು ಏಜಿಂಗ್: ಕಾದಷ್ಟೂ ಹಿರಿತನ ಏರುತ್ತದೆ, ಕೊನೆಗೆ ಎಲ್ಲರನ್ನೂ ದಾಟಿ ಮುಂದೆ ಬರುತ್ತದೆ.

2016ರಿಂದ ಉಪವಾಸವಿದ್ದ ನನ್ನ 900 ಪುಟದ ಕಾದಂಬರಿ ಹೀಗೆ ಯುಗಾದಿ ಹೊತ್ತಿಗೆ ಮುಂದೆ ಬಂತು. ವಿಜಯನಗರದಿಂದ ಇಂದಿರಾನಗರದವರೆಗೆ ಮೆಟ್ರೋದಲ್ಲಿ ಓದುತ್ತೇನೆ. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿದಾಗ ಟ್ಯಾಬ್ಲೆಟ್ಟನ್ನು ಎದೆಗೊತ್ತಿಕೊಂಡು ನಿಲ್ಲಬೇಕು. ಕಬ್ಬನ್ ಪಾರ್ಕ್ ದಾಟಿದ ಮೇಲೆ ಮತ್ತೆ ತೆರೆಯುತ್ತೇನೆ. ನಿನ್ನೆಗೆ ಪುಟ 140.